ಓದುಗರ ಪ್ರಶ್ನೆ: ಶ್ರೀಶೈಲಕ್ಕೆ ನಡೆದು ಹೊರಡುವವರಿಗೆ

ಯುಗಾದಿಗೆ ಶ್ರೀಶೈಲದ ಮಲ್ಲಯ್ಯನ (ಮಲ್ಲಿಕಾರ್ಜುನನ) ಸನ್ನಿಧಿ ಮುಟ್ಟುವ ಪಾದಯಾತ್ರೆಯ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಸಬರವು. ಒಂದೇ ಪ್ರಶ್ನೆ ಹಲವರಿಂದ ಬಂದಿದ್ದರೆ ಒಂದನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ಲಿಂಗಸುಗೂರು ಕಡೆಯಿಂದ ನಾವು 22 ಜನ ಮೊದಲ ಸಲ ಹೊರಡುತ್ತಿದ್ದೇವೆ. 2027ರ ಯುಗಾದಿಗೆ ಎಷ್ಟು ದಿನ ಮೊದಲು ಮನೆ ಬಿಡಬೇಕು? ಹಿರಿಯರು ಹತ್ತು ದಿನ ಸಾಕು ಅನ್ನುತ್ತಾರೆ.

ಹತ್ತು ದಿನದಲ್ಲಿ ಮುಟ್ಟುವವರು ಇದ್ದಾರೆ. ಪ್ರತಿವರ್ಷ ನಡೆದು ಕಾಲು ಗಟ್ಟಿಯಾದವರು ಅವರು. ನೀವು ಹದಿನೈದು ದಿನ ಇಟ್ಟುಕೊಳ್ಳಿ. ಲೆಕ್ಕವನ್ನು ಮನೆಯಿಂದ ಮುಂದಕ್ಕೆ ಹಾಕಬೇಡಿ, ಶ್ರೀಶೈಲದಿಂದ ಹಿಂದಕ್ಕೆ ಹಾಕಿ.

2027ರ ಯುಗಾದಿ ಏಪ್ರಿಲ್ 7. ಹಬ್ಬದ ಎರಡು ದಿನ ಮೊದಲು, ಏಪ್ರಿಲ್ 5ರ ಸಂಜೆಗೆ ಶ್ರೀಶೈಲದಲ್ಲಿರಬೇಕು. ಆತ್ಮಕೂರಿನಿಂದ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರದ ಮೇಲೆ ಹೋಗುವ ನಲ್ಲಮಲ ಕಾಡಿನ ದಾರಿಗೆ ಮೂರು ದಿನ ಬೇಕು. ಅಂದರೆ ಏಪ್ರಿಲ್ 2ರ ರಾತ್ರಿ ಆತ್ಮಕೂರಿನಲ್ಲಿ ಮಲಗಬೇಕು. ಕರ್ನೂಲಿನಿಂದ ಆತ್ಮಕೂರು ಸುಮಾರು 70 ಕಿ.ಮೀ., ಮೂರು ದಿನ. ಆದ್ದರಿಂದ ಮಾರ್ಚ್ 31ರ ಬೆಳಗಿನ ಜಾವ ಕರ್ನೂಲು ಬಿಡಬೇಕು. 30ರಂದು ಕರ್ನೂಲಿನಲ್ಲೇ ಪೂರ್ತಿ ವಿಶ್ರಾಂತಿ. ರಾಯಚೂರಿನಿಂದ ಕರ್ನೂಲು ಸುಮಾರು 100 ಕಿ.ಮೀ., ನಾಲ್ಕು ದಿನ, 26ಕ್ಕೆ ರಾಯಚೂರು ಬಿಡಬೇಕು. ಲಿಂಗಸುಗೂರಿನಿಂದ ರಾಯಚೂರು ಸುಮಾರು 90 ಕಿ.ಮೀ., ಅದಕ್ಕೂ ನಾಲ್ಕು ದಿನ. ಮಾರ್ಚ್ 22ರಂದು ಹೊರಡಿ.

ವಿಶ್ರಾಂತಿಯ ಆ ಒಂದು ದಿನವನ್ನು ಯಾರ ಒತ್ತಾಯಕ್ಕೂ ಬಿಟ್ಟುಕೊಡಬೇಡಿ. ಯಾರಿಗಾದರೂ ಜ್ವರ ಬಂದರೆ, ಸಾಮಾನು ಹೊತ್ತು ಜೊತೆಗೆ ಬರುವ ಗಾಡಿ ಕೆಟ್ಟರೆ ಸರಿದೂಗಿಸಲು ಇರುವುದು ಅದೊಂದೇ. ಮೊದಲ ದಿನ 18 ಕಿ.ಮೀ. ದಾಟಬೇಡಿ, ಎರಡನೇ ದಿನ 22, ಆಮೇಲೆ 25. ಪಾದಯಾತ್ರೆ ಕೆಡುವುದು ಹೆಚ್ಚಾಗಿ ಮೊದಲ ಮೂರು ದಿನಗಳಲ್ಲೇ. ಊರ ಜನ ಡೊಳ್ಳು ಬಾರಿಸಿ ಕಳಿಸಿದ ಉಮೇದಿನಲ್ಲಿ 35 ಕಿ.ಮೀ. ನಡೆದುಬಿಡುತ್ತಾರೆ. ಮೂರನೇ ದಿನ ಅರ್ಧ ಜನ ಟಂಟಂ ಹತ್ತಿರುತ್ತಾರೆ.

ಇನ್ನೊಂದು ಮಾತು. 2026ರ ಯುಗಾದಿ ಮಾರ್ಚ್ 19ಕ್ಕಿತ್ತು. ಅಧಿಕ ಮಾಸ ನಡುವೆ ಬರುವುದರಿಂದ 2027ರಲ್ಲಿ ಹಬ್ಬ ಹತ್ತೊಂಬತ್ತು ದಿನ ಮುಂದೆ ಹೋಗಿದೆ. ರಾಯಚೂರು, ಕರ್ನೂಲು ಸೀಮೆಯ ಬಿಸಿಲಿಗೆ ಈ ಹತ್ತೊಂಬತ್ತು ದಿನ ಬಹಳ. ಹಿಂದಿನ ವರ್ಷ ಹೋಗಿ ಬಂದವರ ಅನುಭವವನ್ನು ಹಾಗೇ ನಂಬಿ ಹೊರಡಬೇಡಿ. ಬೆಳಗಿನ ಜಾವ 3.30ಕ್ಕೆ ಹೊರಟು 9.30ರೊಳಗೆ ನೆರಳು ಸೇರಿ, ಸಂಜೆ 5ರ ಮೇಲೆ ಎದ್ದು ಮತ್ತೆ ಎರಡು ಗಂಟೆ ನಡೆಯಿರಿ. ಗುಂಪಿನ ನಡಿಗೆ ನಿಲ್ಲುವುದೂ ಸೇರಿ ಗಂಟೆಗೆ 3ರಿಂದ 3.5 ಕಿ.ಮೀ. ಮಾತ್ರ. 4 ಎಂದು ಲೆಕ್ಕ ಹಾಕಿದವರು ದಿನಾ ಹನ್ನೊಂದರ ಬಿಸಿಲಿಗೆ ಸಿಕ್ಕಿಬೀಳುತ್ತಾರೆ.

ದಿನವಿಡೀ ಹೊಲದಲ್ಲಿ ದುಡಿಯುವವರು ನಾವು. ನಮಗೂ ನಡಿಗೆಯ ಅಭ್ಯಾಸ ಬೇಕೆ?

ಬೇಕು. ಹೊಲದ ಕೆಲಸದಲ್ಲಿ ಮೆತ್ತನೆ ಮಣ್ಣು, ಬಗ್ಗುವುದು, ಏಳುವುದು, ನಿಲ್ಲುವುದು ಎಲ್ಲ ಇರುತ್ತದೆ. ಡಾಂಬರಿನ ಮೇಲೆ ಆರು ಗಂಟೆ ಒಂದೇ ಹೆಜ್ಜೆ ಹಾಕಿದರೆ ಪಾದದ ಅದೇ ಜಾಗ, ಮೊಳಕಾಲಿನ ಅದೇ ಮಗ್ಗುಲು ಸಾವಿರಾರು ಸಲ ಪೆಟ್ಟು ತಿನ್ನುತ್ತದೆ. ಎಂಟು ವಾರ ಮೊದಲು ಶುರು ಮಾಡಿ. ವಾರಕ್ಕೆ ನಾಲ್ಕು ದಿನ 5 ಕಿ.ಮೀ., ವಾರಕ್ಕೊಮ್ಮೆ ಉದ್ದದ ನಡಿಗೆ. ಅದು 10ರಿಂದ ಶುರುವಾಗಿ 15, 20ಕ್ಕೆ ಏರಲಿ. ಆರನೇ ವಾರದಲ್ಲಿ ಒಮ್ಮೆ ಎರಡು ದಿನ ಸತತ 20 ಕಿ.ಮೀ. ನಡೆಯಿರಿ. ನಿಮ್ಮ ಕಾಲಿನ ಹಣೆಬರಹ ಗೊತ್ತಾಗುವುದು ಎರಡನೇ ದಿನದ ಬೆಳಿಗ್ಗೆ. ಕೊನೆಯ ವಾರ ಕಾಲಿಗೆ ಬಿಡುವು ಕೊಡಿ. ದಾರಿಗೆ ಹಾಕುವ ಶೂ, ಹೊರುವ ಚೀಲ ಎರಡೂ ಅಭ್ಯಾಸದಲ್ಲೇ ಮೈಗೆ ಒಗ್ಗಿರಬೇಕು.

ಬರಿಗಾಲಲ್ಲಿ ಬರುತ್ತೇನೆಂದು ಹರಕೆ ಹೊತ್ತಿದ್ದೇನೆ. ಏನು ಎಚ್ಚರಿಕೆ ಬೇಕು?

ಗಾಳಿಯ ಉಷ್ಣತೆ 40 ಡಿಗ್ರಿ ಇರುವಾಗ ಬಿಸಿಲಿಗೆ ಕಾದ ಡಾಂಬರು 60 ಡಿಗ್ರಿ ಮುಟ್ಟುತ್ತದೆ. ಅಂಗಾಲು ಸುಡಲು ಅಷ್ಟು ಧಾರಾಳ ಸಾಕು. ಆದ್ದರಿಂದ ಬರಿಗಾಲಿನವರ ಹೊತ್ತು ಬೆಳಿಗ್ಗೆ 9ಕ್ಕೆ ಮುಗಿಯಿತು. ಸಂಜೆಯೂ ಸೂರ್ಯ ಮುಳುಗಿದ ಕೂಡಲೇ ರಸ್ತೆ ಆರುವುದಿಲ್ಲ, 7ರವರೆಗೆ ಕಾವು ಉಗುಳುತ್ತಲೇ ಇರುತ್ತದೆ. ಅಂಗೈಯ ಹಿಂಭಾಗವನ್ನು ರಸ್ತೆಗೆ ಐದು ಸೆಕೆಂಡ್ ಒತ್ತಿ ಹಿಡಿಯಿರಿ. ಹಿಡಿಯಲಾಗದಿದ್ದರೆ ಕಾಲೂ ಇಡಬೇಡಿ. ರಸ್ತೆಯ ಅಂಚಿನ ಬಿಳಿ ಪಟ್ಟಿ ಕಪ್ಪು ಡಾಂಬರಿಗಿಂತ ತಂಪಾಗಿರುತ್ತದೆ. ಹಳಬರು ಸಾಲಾಗಿ ಆ ಪಟ್ಟಿಯ ಮೇಲೇ ನಡೆಯುವುದನ್ನು ನೋಡಬಹುದು.

ಹೊರಡುವ ಮೊದಲು ಟಿ.ಟಿ. ಇಂಜೆಕ್ಷನ್ ಆಗಿರಲಿ. ಒಡೆದ ಹಿಮ್ಮಡಿ ಇದ್ದವರು ಒಂದು ತಿಂಗಳು ಮೊದಲಿಂದ ರಾತ್ರಿ ಹರಳೆಣ್ಣೆ ಅಥವಾ ವ್ಯಾಸಲಿನ್ ಹಚ್ಚಿ ಬಿರುಕು ಮುಚ್ಚಿಸಿಕೊಳ್ಳಬೇಕು. ಬಿರುಕಿನೊಳಗೆ ಡಾಂಬರಿನ ದೂಳು ಹೊಕ್ಕರೆ ಕೀವು ಗ್ಯಾರಂಟಿ. ಚೀಲದಲ್ಲಿ ಒಂದು ಜೊತೆ ಹಗುರ ಚಪ್ಪಲಿ, ಒಂದು ಚಿಮಟ ಇಟ್ಟುಕೊಳ್ಳಿ. ಬಳ್ಳಾರಿ ಜಾಲಿಯ ಮುಳ್ಳು ಅರ್ಧ ಮುರಿದು ಒಳಗೇ ಉಳಿಯುತ್ತದೆ, ಬೆರಳಲ್ಲಿ ಬರುವುದಿಲ್ಲ.

ಇಡೀ ದಾರಿಗೆ ಹರಕೆ ಹೊರುವ ಬದಲು ಕೈಲಾಸದ್ವಾರದಿಂದ ಗುಡಿಯವರೆಗಿನ ಕೊನೆಯ ಐದಾರು ಕಿ.ಮೀ. ಮಾತ್ರ ಬರಿಗಾಲಲ್ಲಿ ನಡೆಯುವುದಾಗಿ ಬೇಡಿಕೊಳ್ಳುವವರೂ ಉಂಟು. ಇನ್ನೂ ಹರಕೆ ಹೊರದವರಿಗೆ ನಮ್ಮ ಸಲಹೆ ಅದೇ.

ಬೊಬ್ಬೆ ಬಂದರೆ ಸೂಜಿಯಲ್ಲಿ ದಾರ ಪೋಣಿಸಿ ಬಿಡಬೇಕು ಅನ್ನುತ್ತಾರೆ, ಸರಿಯೆ?

ತಪ್ಪು. ದಾರಿಯುದ್ದಕ್ಕೂ ಸೇವೆಯ ಟೆಂಟುಗಳಲ್ಲಿ ಇದನ್ನು ಮಾಡುವವರು ಸಿಗುತ್ತಾರೆ, ನಯವಾಗಿ ಬೇಡ ಅನ್ನಿ. ಒಳಗೆ ಬಿಟ್ಟ ದಾರ ನೀರನ್ನು ಹೊರಗೆ ಎಳೆಯುವಂತೆಯೇ ಹೊರಗಿನ ಕೊಳೆಯನ್ನು ಒಳಗೂ ಎಳೆಯುತ್ತದೆ. ಎರಡು ದಿನಕ್ಕೆ ಪಾದ ಕೆಂಪಾಗಿ ಊದಿಕೊಳ್ಳುತ್ತದೆ.

ಬೊಬ್ಬೆ ಏಳುವ ಮೊದಲು ಆ ಜಾಗ ಉರಿಯುತ್ತದೆ. ಆಗಲೇ ನಿಲ್ಲಬೇಕು. ‘ಮುಂದಿನ ಊರಲ್ಲಿ ನೋಡೋಣ’ ಅಂದರೆ ಅಷ್ಟರಲ್ಲಿ ನೀರು ತುಂಬಿರುತ್ತದೆ. ಶೂ ಬಿಚ್ಚಿ, ಕಾಲು ಒರೆಸಿ, ಪೂರ್ತಿ ಒಣಗಿಸಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಬಟ್ಟೆಯ ಅಂಟುಪಟ್ಟಿಯನ್ನು ಸುಕ್ಕಿಲ್ಲದಂತೆ ಅಂಟಿಸಿ. ಪಟ್ಟಿಯ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿದರೆ ಸಾಕ್ಸಿಗೆ ಸಿಕ್ಕಿ ಏಳುವುದಿಲ್ಲ. ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳ ಹೊರಮಗ್ಗುಲು, ಈ ಮೂರು ಜಾಗಕ್ಕೆ ಮೊದಲ ದಿನವೇ ಹಾಕಿಕೊಂಡು ಹೊರಟರೆ ಇನ್ನೂ ಒಳ್ಳೆಯದು.

ಬೊಬ್ಬೆ ಸಣ್ಣದಾಗಿದ್ದು ನೋವಿಲ್ಲದಿದ್ದರೆ ಒಡೆಯಬೇಡಿ. ದೊಡ್ಡದಾಗಿ ಕಾಲಿಡಲು ಆಗದಿದ್ದರೆ ಸೋಪಿನಲ್ಲಿ ಕೈ ತೊಳೆದು, ಬೊಬ್ಬೆಗೆ ಬೆಟಾಡಿನ್ ಹಚ್ಚಿ, ಹೊಸ ಇಂಜೆಕ್ಷನ್ ಸೂಜಿಯಿಂದ ಅಂಚಿನ ಕೆಳಭಾಗದಲ್ಲಿ ಎರಡು ಕಡೆ ಚುಚ್ಚಿ. ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಮೇಲಿನ ಚರ್ಮ ಕೀಳಬಾರದು, ಅದಕ್ಕಿಂತ ಒಳ್ಳೆಯ ಪಟ್ಟಿ ಬೇರೆ ಇಲ್ಲ. ಮೇಲೆ ಮುಲಾಮು, ಗಾಜ್ ಬಟ್ಟೆ, ಅಂಟುಪಟ್ಟಿ. ರಾತ್ರಿ ಮಲಗುವಾಗ ಗಾಳಿಗೆ ಬಿಡಿ. ಸುತ್ತ ಕೆಂಪು ಹರಡಿದರೆ, ಕೀವು ಅಥವಾ ಜ್ವರ ಕಂಡರೆ ನಡಿಗೆ ನಿಲ್ಲಿಸಿ ಡಾಕ್ಟರರ ಹತ್ತಿರ ಹೋಗಿ.

ಶೂ ಬಗ್ಗೆ: ದಿನಗಟ್ಟಲೆ ನಡೆದ ಕಾಲು ಊದುತ್ತದೆ. ಸಂಜೆ ಹೊತ್ತು ಅಂಗಡಿಗೆ ಹೋಗಿ ನಿಮ್ಮ ಅಳತೆಗಿಂತ ಒಂದು ನಂಬರ್ ದೊಡ್ಡದು ಕೊಳ್ಳಿ. ಪೂರ್ತಿ ಹತ್ತಿಯ ಸಾಕ್ಸ್ ಬೆವರು ಹಿಡಿದಿಟ್ಟು ಚರ್ಮವನ್ನು ನೆನೆಸುತ್ತದೆ, ನೆನೆದ ಚರ್ಮ ಬೇಗ ಕಿತ್ತುಬರುತ್ತದೆ. ಆಟದ ಅಂಗಡಿಯಲ್ಲಿ ಸಿಗುವ ತೆಳು ನೈಲಾನ್ ಮಿಶ್ರಿತ ಸಾಕ್ಸ್ ಮೂರು ಜೊತೆ ಇರಲಿ. ಎರಡು ಗಂಟೆಗೊಮ್ಮೆ ಬದಲಿಸಿ, ಬಿಚ್ಚಿದ್ದನ್ನು ಪಿನ್ನು ಹಾಕಿ ಚೀಲದ ಮೇಲೆ ಒಣಗಲು ಬಿಡಿ.

ಕಾಲುನೋವಿಗೆ ದಾರಿಯಲ್ಲಿ ಇಂಜೆಕ್ಷನ್ ಹಾಕುತ್ತಾರಂತೆ, ಹಾಕಿಸಿಕೊಳ್ಳಬಹುದೆ?

ಬೇಡ. ಆ ಇಂಜೆಕ್ಷನ್ ಬಹುಪಾಲು ಡೈಕ್ಲೋಫಿನಾಕ್. ನೀರು ಕಡಿಮೆಯಾದ ದೇಹದಲ್ಲಿ ಡೈಕ್ಲೋಫಿನಾಕ್, ಐಬುಪ್ರೊಫೆನ್ ಎರಡೂ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಬಿ.ಪಿ. ಮಾತ್ರೆ ನುಂಗುವವರಿಗಂತೂ ಅಪಾಯ ದುಪ್ಪಟ್ಟು. ನೋವು ಸತ್ತಿದ್ದರಿಂದ ಬಿರಿದ ಸ್ನಾಯುವಿನ ಮೇಲೆ ಮತ್ತೆ 20 ಕಿ.ಮೀ. ನಡೆಯುವುದು ಬೇರೆ. ತಣ್ಣೀರು ಪಟ್ಟಿ, ಕಾಲು ಎತ್ತರಿಸಿ ಮಲಗುವುದು, ತೀರಾ ಬೇಕಾದರೆ 500 ಮಿ.ಗ್ರಾಂ. ಪ್ಯಾರಾಸಿಟಮಾಲ್, ಇಷ್ಟರಲ್ಲಿ ನೋವು ಹಿಡಿತಕ್ಕೆ ಬಾರದಿದ್ದರೆ ಒಂದು ದಿನ ಗಾಡಿಯಲ್ಲಿ ಬನ್ನಿ. ಮಲ್ಲಯ್ಯ ಕೋಪಿಸಿಕೊಳ್ಳುವುದಿಲ್ಲ.

ನೀರು ಎಷ್ಟು ಕುಡಿಯಬೇಕು? ಪೊಟ್ಟಣದ ಓ.ಆರ್.ಎಸ್. ದಿನಾ ಬೇಕೆ?

ನಡೆಯುವಾಗ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಗುಟುಕು ಗುಟುಕಾಗಿ. ಮೂತ್ರ ತಿಳಿ ಹಳದಿ ಇದ್ದರೆ ಸಾಕಾಗಿದೆ, ಚಹಾದ ಬಣ್ಣಕ್ಕೆ ತಿರುಗಿದರೆ ಕಡಿಮೆಯಾಗಿದೆ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪು ಇಳಿದು ತಲೆನೋವು, ವಾಂತಿ, ಗೊಂದಲ ಬರುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ದಿನಾ ಇರಲಿ. ಓ.ಆರ್.ಎಸ್. ದೊಡ್ಡ ಪೊಟ್ಟಣವನ್ನು ಸರಿಯಾಗಿ 1 ಲೀಟರಿಗೆ ಕಲಸಬೇಕು. ಅರ್ಧ ಪೊಟ್ಟಣವನ್ನು ಅಂದಾಜಿನ ಮೇಲೆ ಲೋಟಕ್ಕೆ ಸುರಿದುಕೊಳ್ಳುವುದು ತಪ್ಪು. ಪೊಟ್ಟಣ ಮುಗಿದರೆ 1 ಲೀಟರ್ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಜೊತೆಯವರು ತಡವರಿಸಿ ಮಾತಾಡತೊಡಗಿ, ಮೈ ಕೆಂಡದಂತಾದರೆ ಅದು ಬಿಸಿಲಿನ ಹೊಡೆತ. ಬೆವರು ನಿಂತಿರಲೇಬೇಕೆಂದಿಲ್ಲ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಕರ್ನಾಟಕ, ತೆಲಂಗಾಣ, ಆಂಧ್ರ ಮೂರೂ ಕಡೆ ಅದೇ ಸಂಖ್ಯೆ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಅಪ್ಪನಿಗೆ 61 ವರ್ಷ, ಶುಗರ್ ಇದೆ. ಹೋಗಿಯೇ ತೀರುತ್ತೇನೆ ಅನ್ನುತ್ತಾರೆ.

ಒಂದು ತಿಂಗಳು ಮೊದಲು ಅವರ ಡಾಕ್ಟರರಿಗೆ ತೋರಿಸಿ. ‘ದಿನಾ 25 ಕಿ.ಮೀ. ನಡೆಯುತ್ತಾರೆ, ಊಟದ ಹೊತ್ತು ಖಚಿತವಿಲ್ಲ’ ಎಂದು ಈ ಎರಡೂ ಮಾತು ಹೇಳಿ. ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ನಡಿಗೆಯಿಂದಲೇ ಸಕ್ಕರೆ ತೀರಾ ಇಳಿದುಬಿಡಬಹುದು. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ಮೂತ್ರ ಹೆಚ್ಚಿಸಿ ನೀರು ಕಳೆಯುತ್ತದೆ. ಎಷ್ಟು ತಗ್ಗಿಸಬೇಕು ಎಂಬುದು ಡಾಕ್ಟರರ ಕೆಲಸ, ನೀವಾಗಿ ಬಿಡಬೇಡಿ.

ಅಂಗಿಯ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲೇಬೇಕು, ಗಾಡಿಯ ಚೀಲದಲ್ಲಿದ್ದರೆ ಪ್ರಯೋಜನವಿಲ್ಲ. ಕೈ ನಡುಕ, ತಣ್ಣನೆ ಬೆವರು, ಸಿಡಿಮಿಡಿ ಕಂಡರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಕೂರಿಸಿ ಮತ್ತೆ ಪರೀಕ್ಷಿಸಿ. ಬರಿಗಾಲು ಖಂಡಿತ ಬೇಡ. ಶುಗರಿನವರ ಪಾದಕ್ಕೆ ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ. ರಾತ್ರಿ ಮಲಗುವ ಮೊದಲು ನೀವೇ ಟಾರ್ಚ್ ಹಾಕಿ ಬೆರಳ ಸಂದಿಯನ್ನೂ ಬಿಡದೆ ನೋಡಿ. ಇನ್ಸುಲಿನ್ ಅನ್ನು ಸಣ್ಣ ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ಒದ್ದೆ ಮಾಡಿದ ಮಣ್ಣಿನ ಕುಡಿಕೆಯೊಳಗೆ ಇಟ್ಟರೆ ಮಧ್ಯಾಹ್ನವೂ ತಂಪಾಗಿರುತ್ತದೆ. ಐಸಿನ ಮೇಲೆ ನೇರವಾಗಿ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ.

ಊಟ ದಾಸೋಹದಲ್ಲಿ ಸಿಗುತ್ತದಲ್ಲ, ಬುತ್ತಿ ಯಾಕೆ ಹೊರಬೇಕು?

ದಾಸೋಹ ಧಾರಾಳವಾಗಿ ಸಿಗುತ್ತದೆ. ತೊಂದರೆ ಎಂದರೆ ನಿಮಗೆ ಹಸಿವಾದ ಜಾಗದಲ್ಲಿ ಸಿಗುವುದಿಲ್ಲ, ಸಿಕ್ಕಲ್ಲಿ ಗೋಧಿ ಹುಗ್ಗಿ, ಬಜ್ಜಿ ತಿಂದು ತಕ್ಷಣ ನಡೆದರೆ ಹೊಟ್ಟೆ ಕೇಳುವುದಿಲ್ಲ. ಬೆಳಿಗ್ಗೆ ಮಾಡಿದ ಅನ್ನ ಮಧ್ಯಾಹ್ನ ಬಡಿಸುವ ಕಡೆ ಅನ್ನ ಬಿಡಿ, ಭೇದಿಗೆ ಮುಖ್ಯ ಕಾರಣ ಅದು. ಶರಬತ್ತಿನ ಐಸೂ ಅಷ್ಟೇ.

ಖಡಕ್ ರೊಟ್ಟಿಯಲ್ಲಿ ನೀರಿನಂಶವೇ ಇಲ್ಲದ್ದರಿಂದ ಹದಿನೈದು ದಿನ ಏನೂ ಆಗುವುದಿಲ್ಲ. ತಲೆಗೆ ದಿನಕ್ಕೆ ಐದು ಎಂದರೂ 75 ರೊಟ್ಟಿ, 22 ಜನಕ್ಕೆ 1,650. ಒಬ್ಬರ ಮನೆಯಲ್ಲಿ ಆಗುವ ಮಾತಲ್ಲ, ಈಗಲೇ ಮನೆಮನೆಗೆ ಹಂಚಿ. ಬಿಸಿ ಆರದೆ ಕಟ್ಟಿದ ರೊಟ್ಟಿಗೆ ಬೂಸ್ಟು ಹಿಡಿಯುತ್ತದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಸೇರಿ ತಲೆಗೆ 1 ಕಿಲೊ ಸಾಕು.

ಸೀರೆಯಲ್ಲಿ ನಡೆಯುವುದು ಕಷ್ಟವೆ? ಮುಟ್ಟಿನ ದಿನ ಬಂದರೆ?

ಸೀರೆಗಿಂತ ತೊಡೆ ಉಜ್ಜುವುದೇ ಕಷ್ಟ. ಒಳಗೆ ಮೊಳಕಾಲವರೆಗಿನ ಬಿಗಿ ಚಡ್ಡಿ ಹಾಕಿ, ತೊಡೆಯ ಸಂದಿಗೆ ವ್ಯಾಸಲಿನ್ ಹಚ್ಚಿ. ಸೀರೆ ಕಣಕಾಲಿಗಿಂತ ನಾಲ್ಕು ಬೆರಳು ಮೇಲಿರಲಿ. ಕಾಡಿನ ದಾರಿಗೆ ಚೂಡಿದಾರವೇ ವಾಸಿ. ಪ್ಯಾಡನ್ನು ನಾಲ್ಕು ಗಂಟೆಗೊಮ್ಮೆ ಬದಲಿಸಿ, ಬೆವರಿಗೆ ಗಾಯವಾಗುವುದು ಬೇಗ. ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ನುಂಗಬೇಡಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ ಅದು ಆಗದು, ಡಾಕ್ಟರರನ್ನು ಕೇಳಿಯೇ ತೆಗೆದುಕೊಳ್ಳಿ. ಬಯಲಿಗೆ ಹೋಗಬೇಕಾಗುವುದೆಂದು ನೀರು ಕುಡಿಯದೆ ನಡೆಯುವ ಹೆಣ್ಣುಮಕ್ಕಳು ಬಹಳ. ಉರಿಮೂತ್ರ ಶುರುವಾಗುವುದು ಹಾಗೆಯೇ. ಮುಂದೆ ಹೋಗುವ ಗಾಡಿಯವರು ಪೆಟ್ರೋಲ್ ಬಂಕು, ಶಾಲೆಗಳನ್ನು ಮೊದಲೇ ಗುರುತಿಸಿ ಫೋನಿನಲ್ಲಿ ತಿಳಿಸಲಿ.

ಕತ್ತಲಲ್ಲಿ ಹೆದ್ದಾರಿ ನಡಿಗೆ ಸುರಕ್ಷಿತವೆ?

ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ಗಾಡಿ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು. ಎಡಬದಿಯಲ್ಲಿ ಭಜನೆ ಹಾಡುತ್ತ ಮೂರು ಮೂರು ಜನ ಜೋಡಿಯಾಗಿ ಹೋಗುವಾಗ ಹಿಂದಿನಿಂದ ಬಂದ ಲಾರಿ ಕಾಣುವುದೇ ಇಲ್ಲ. ಮುಂದಿನವರಿಗೂ ಹಿಂದಿನವರಿಗೂ ಹೊಳೆಯುವ ಜಾಕೆಟ್, ಕೊನೆಯವರ ಚೀಲಕ್ಕೆ ಸೈಕಲ್ಲಿನ ಮಿನುಗುವ ಕೆಂಪು ದೀಪ. ಕಾವಿ ಬಟ್ಟೆ ಹೆಡ್‌ಲೈಟಿಗೆ ಸರಿಯಾಗಿ ಕಾಣುವುದಿಲ್ಲ. ಬೆಂಗಾವಲು ಗಾಡಿ ಗುಂಪಿನ ಹಿಂದೆ ತೆವಳುತ್ತ ಬರುವುದು ಬೇಡ, ಅದಕ್ಕೇ ಗುದ್ದುತ್ತಾರೆ. ಐದು ಕಿ.ಮೀ. ಮುಂದೆ ಹೋಗಿ ರಸ್ತೆ ಬಿಟ್ಟು ನಿಲ್ಲಲಿ. ನಾಯಿ ಕಚ್ಚಿದರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಅಂದೇ ಲಸಿಕೆ ಹಾಕಿಸಿ.

ಕಾಡಿನೊಳಗೆ ನಮ್ಮ ಟೆಂಪೊ ಬರುತ್ತದೆಯೆ? ನೀರು ಸಿಗುತ್ತದೆಯೆ?

ಬರುವುದಿಲ್ಲ. ವೆಂಕಟಾಪುರದ ಆಚೆ ಕಾಲುದಾರಿ, ಕೈಲಾಸದ್ವಾರದವರೆಗೆ ಹತ್ತಿರ ಹತ್ತಿರ 40 ಕಿ.ಮೀ. ಇದು ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ರಕ್ಷಿತಾರಣ್ಯ. ಅರಣ್ಯ ಇಲಾಖೆ ಹಬ್ಬದ ಆಸುಪಾಸಿನ ಕೆಲವೇ ದಿನ ದಾರಿ ತೆರೆಯುತ್ತದೆ. ತೆರೆಯುವ ದಿನಾಂಕ ತಿಳಿದುಕೊಂಡ ಮೇಲೆಯೇ ಊರಲ್ಲಿ ಹೊರಡುವ ದಿನ ಗಟ್ಟಿ ಮಾಡಿ. ಟೆಂಪೊ ದೋರ್ನಾಲ ಸುತ್ತಿ ಶ್ರೀಶೈಲಕ್ಕೆ ಹೋಗಬೇಕು. ಆ ಘಾಟಿ ರಸ್ತೆಯಲ್ಲಿ ರಾತ್ರಿ ವಾಹನ ತಡೆಯುತ್ತಾರೆ, ಹಗಲಲ್ಲೇ ದಾಟಿಸಿ.

ಅಂದರೆ ಮೂರು ದಿನ ನಿಮ್ಮದು ನಿಮ್ಮ ಬೆನ್ನ ಮೇಲೆ. ಚೀಲ 5 ಕಿಲೊ ಮೀರದಿರಲಿ: ಹೊದಿಕೆ, ಒಂದು ಜೊತೆ ಬಟ್ಟೆ, ರೊಟ್ಟಿ, ಔಷಧ, ಟಾರ್ಚ್, ಸೀಟಿ, ಆಧಾರ್ ಪ್ರತಿ, ಚಿಲ್ಲರೆ ನೋಟು. ನೀರು ಇದರ ಮೇಲೆ 3 ಲೀಟರ್. ದೇವಸ್ಥಾನದವರು, ಸೇವಾ ಮಂಡಳಿಗಳು ಅಲ್ಲಲ್ಲಿ ಟ್ಯಾಂಕ್ ಇಟ್ಟಿರುತ್ತಾರೆ. ಆದರೆ ಜನ ಒತ್ತಿದಾಗ ಖಾಲಿಯಾಗಿ ಟ್ರ್ಯಾಕ್ಟರ್ ಬರುವವರೆಗೆ ಕಾಯಬೇಕಾಗುತ್ತದೆ. ಒಂದು ಟ್ಯಾಂಕಿನಲ್ಲಿ ಬಾಟಲಿ ತುಂಬಿಸದೆ ಮುಂದಿನದನ್ನು ನಂಬಿ ಹೊರಡಬೇಡಿ. ಮೊಬೈಲ್ ಬಹುಪಾಲು ಸಿಗುವುದಿಲ್ಲ. ಐದೈದು ಜನರ ತಂಡ ಮಾಡಿ, ತಂಡ ಒಡೆಯಬಾರದು. ಕತ್ತಲಾದ ಮೇಲೆ ತಂಗುದಾಣ ಬಿಟ್ಟು ಹೋಗಬೇಡಿ, ಕರಡಿ, ಚಿರತೆ ಇವೆ. ಎಲೆ ಉದುರಿ ಒಣಗಿದ ಕಾಲ, ಬೀಡಿಯ ಒಂದು ತುಂಡಿಗೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. ಒಲೆಯೂ ಬೇಡ. ಪ್ಲಾಸ್ಟಿಕ್ ಅಲ್ಲಿ ನಿಷಿದ್ಧ, ಸ್ಟೀಲ್ ಬಾಟಲಿ, ತಟ್ಟೆ ಇರಲಿ.

ಭೀಮನಕೊಳ್ಳವೇ ಇಡೀ ದಾರಿಯ ಕಠಿಣ ಜಾಗ. ಕಡಿದಾದ ಕಲ್ಲು ಮೆಟ್ಟಿಲು ಇಳಿದು ಕಂದಕ ಮುಟ್ಟಿ, ಮತ್ತೆ ಅಷ್ಟೇ ಏರಬೇಕು. ಜನ ಏರುವುದಕ್ಕೆ ಹೆದರುತ್ತಾರೆ, ಮೊಳಕಾಲು ಸಾಯುವುದು ಇಳಿಯುವಾಗ. ಕೋಲನ್ನು ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ, ಆಮೇಲೆ ಕಾಲಿಡಿ, ಅಡ್ಡಡ್ಡ ಇಳಿಯಿರಿ. ಶೂ ದಾರವನ್ನು ಕಣಕಾಲಿನ ಹತ್ತಿರ ಬಿಗಿದರೆ ಬೆರಳು ಮುಂದೆ ಗುದ್ದಿ ಉಗುರು ಕಪ್ಪಾಗುವುದಿಲ್ಲ. ಹೊರಡುವ ಮೂರು ದಿನ ಮೊದಲು ಉಗುರನ್ನು ನೇರವಾಗಿ ಕತ್ತರಿಸಿರಬೇಕು. ಕೊಳ್ಳವನ್ನು ಬೆಳಿಗ್ಗೆ ಹೊತ್ತು ದಾಟುವಂತೆ ಹಿಂದಿನ ರಾತ್ರಿಯ ತಂಗು ನೋಡಿಕೊಳ್ಳಿ.

ಮಗನಿಗೆ ಹದಿನಾರು. ಮರಗಾಲು (ಎತ್ತರದ ಮರದ ಕೋಲು) ಕಾಲಿಗೆ ಕಟ್ಟಿಕೊಂಡು ಬರುತ್ತೇನೆ ಅನ್ನುತ್ತಾನೆ.

ಈ ವರ್ಷ ಬೇಡ. ಅದು ಕಲಿತವರ ಕೆಲಸ. ಬಿದ್ದರೆ ಮಣಿಕಟ್ಟು ಮುರಿಯುತ್ತದೆ. ಊರ ಬಯಲಿನಲ್ಲಿ ಒಂದು ವರ್ಷ ಕಲಿಯಲಿ. ಹೆಗಲ ಮೇಲೆ ಒಯ್ಯುವ ಮಲ್ಲಯ್ಯನ ಕಂಬಿ ಹೊರುವ ಸರದಿಯಲ್ಲಿ ಅವನಿಗೂ ಪಾಲು ಕೊಡಿ, ಅರ್ಧ ಗಂಟೆಗೊಮ್ಮೆ ಹೆಗಲು ಬದಲಿಸಲಿ.

ಮುಟ್ಟಿದ ಮೇಲೆ ದರ್ಶನ, ವಾಪಸ್ ಪ್ರಯಾಣ ಹೇಗೆ?

ಮಲ್ಲಯ್ಯನ ಮಡದಿ ಭ್ರಮರಾಂಬೆಗೆ ಮನೆಮಗಳೆಂದು ಸೀರೆ, ಬಳೆ, ಅರಿಶಿನ ಕುಂಕುಮ ಒಯ್ಯುವವರು ಅದನ್ನು ಟೆಂಪೊದಲ್ಲೇ ಕಳಿಸಿ. ಜನ ಹೆಚ್ಚಾದ ದಿನಗಳಲ್ಲಿ ಸ್ಪರ್ಶ ದರ್ಶನ ನಿಲ್ಲಿಸಿ ದೂರದ ದರ್ಶನಕ್ಕೆ ಬಿಡುತ್ತಾರೆ. ಎರಡು ದಿನ ಮೊದಲೇ ಮುಟ್ಟಿ ಎಂದಿದ್ದಕ್ಕೆ ಅದೂ ಒಂದು ಕಾರಣ. ಸಾಲಿನಲ್ಲಿ ಗಂಟೆಗಟ್ಟಲೆ ನಿಂತರೆ ಊದಿದ ಕಾಲು ಇನ್ನೂ ಊದುತ್ತದೆ, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಿ. ವಾಪಸ್ ಬರಲು ಕರ್ನಾಟಕದ ಸಾರಿಗೆ ನಿಗಮಗಳು ಯುಗಾದಿಗೆ ವಿಶೇಷ ಬಸ್ ಬಿಡುತ್ತವೆ. ಹಬ್ಬದ ಸಂಜೆ ನೂಕುನುಗ್ಗಲು, ಮರುದಿನ ಬೆಳಿಗ್ಗೆ ಸೀಟು ಸಿಗುತ್ತದೆ. 22 ಜನಕ್ಕೆ ಟೆಂಪೊ ಹಿಂಭಾಗದಲ್ಲಿ ಮಲಗಿ ಬರುವ ಯೋಚನೆ ಇದ್ದರೆ ಕೈಬಿಡಿ. ಹದಿನೈದು ದಿನ ನಿದ್ದೆಗೆಟ್ಟ ಡ್ರೈವರ್ ಅವನು, ಒಂದು ರಾತ್ರಿ ಪೂರ್ತಿ ಮಲಗಿಸಿ ಖಾಲಿ ಗಾಡಿ ತರಲು ಹೇಳಿ.